‘ಡೇಸಿ ಮಿಲ್ಲರ್’: ಪದೇ ಪದೇ ಕೇಳುವ ಪ್ರಶ್ನೆಗಳು

ಹೆನ್ರಿ ಜೇಮ್ಸ್ ಬರೆದ ‘ಡೇಸಿ ಮಿಲ್ಲರ್’ ಪುಟ್ಟ ಪುಸ್ತಕ. ಆದರೆ ಅದನ್ನು ಓದಿದ ನಾಲ್ಕು ಜನ ಒಂದು ಕಡೆ ಕೂತರೆ ಮಾತು ಬೇಗ ಮುಗಿಯುವುದಿಲ್ಲ. ಹಾಗೆ ಕೂತಾಗೆಲ್ಲ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಬೆರೆತಿದೆ. ಒಪ್ಪಿಗೆಯಾಗದಿದ್ದರೆ ಜಗಳ ಆಡಬಹುದು. ಒಂದು ಎಚ್ಚರಿಕೆ: ಎರಡನೇ ಪ್ರಶ್ನೆಯಲ್ಲೇ ಕಥೆಯ ಕೊನೆ ಬಯಲಾಗುತ್ತದೆ. ಓದದವರು ಮೊದಲು ಓದಿಕೊಂಡು ಬಂದರೆ ಒಳ್ಳೆಯದು. ಒಂದು ಭಾನುವಾರ ಮಧ್ಯಾಹ್ನ ಸಾಕು.

ಇದು ಯಾವ ಕಾಲದ್ದು? ಕಥೆಯೋ, ಕಾದಂಬರಿಯೋ?

ಎರಡರ ನಡುವಿನದು, ಕಿರುಕಾದಂಬರಿ. ಇಂಗ್ಲಿಷಿನಲ್ಲಿ ಸುಮಾರು 20 ಸಾವಿರ ಪದ. ಲಂಡನ್ನಿನ ‘ಕಾರ್ನ್‌ಹಿಲ್ ಮ್ಯಾಗಝೀನ್’ ಪತ್ರಿಕೆಯಲ್ಲಿ 1878ರ ಜೂನ್ ಮತ್ತು ಜುಲೈ ತಿಂಗಳಲ್ಲಿ ಎರಡು ಕಂತಾಗಿ ಬಂತು. ಆಗ ಜೇಮ್ಸ್‌ಗೆ 35 ವರ್ಷ. ಹುಟ್ಟಿದ್ದು ನ್ಯೂಯಾರ್ಕ್‌ನಲ್ಲಿ, ನೆಲೆ ನಿಂತದ್ದು ಲಂಡನ್ನಿನಲ್ಲಿ. ಚಿಕ್ಕಂದಿನಿಂದಲೇ ಮನೆಯವರ ಜೊತೆ ಯುರೋಪ್ ಸುತ್ತಿದವನು, ಜಿನೀವಾದ ಶಾಲೆಯಲ್ಲೂ ಸ್ವಲ್ಪ ಕಾಲ ಓದಿದ್ದ. ಕಥೆಯ ಊರುಗಳು ಅವನಿಗೆ ನಡೆದು ಗೊತ್ತಿದ್ದ ಊರುಗಳು.

ಕಥೆಯನ್ನು ಚಿಕ್ಕದಾಗಿ ಹೇಳ್ತೀರಾ?

ಸ್ವಿಟ್ಜರ್‌ಲೆಂಡಿನಲ್ಲಿ ಜಿನೀವಾ ಸರೋವರದ ದಡದ ವೆವೆ ಎಂಬ ಊರು. ಜೂನ್ ತಿಂಗಳು, ಹೋಟೆಲುಗಳ ತುಂಬ ಅಮೆರಿಕದ ಪ್ರವಾಸಿಗರು. 27 ವರ್ಷದ ವಿಂಟರ್‌ಬೋರ್ನ್ ಅಲ್ಲಿ ತಂಗಿದ್ದ ತನ್ನ ಅತ್ತೆ ಮಿಸೆಸ್ ಕಾಸ್ಟೆಲೋ ಅವರನ್ನು ನೋಡಲು ಬಂದಿದ್ದಾನೆ. ಅವನೂ ಅಮೆರಿಕದವನೇ, ಆದರೆ ಬಹಳ ವರ್ಷದಿಂದ ಜಿನೀವಾದಲ್ಲೇ ಇದ್ದಾನೆ. ಹೋಟೆಲಿನ ತೋಟದಲ್ಲಿ ಅವನಿಗೆ ಡೇಸಿ ಮಿಲ್ಲರ್ ಸಿಗುತ್ತಾಳೆ. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನ ಶ್ರೀಮಂತರ ಮಗಳು. ಜೊತೆಗೆ ಅಮ್ಮ, ತಮ್ಮ ರ‍್ಯಾಂಡಾಲ್ಫ್, ಪ್ರಯಾಣದ ವ್ಯವಸ್ಥೆ ನೋಡಿಕೊಳ್ಳುವ ಯುಜೆನಿಯೊ. ಅಪ್ಪ ಊರಿನಲ್ಲೇ ವ್ಯಾಪಾರ ನೋಡಿಕೊಂಡು ಉಳಿದಿದ್ದಾನೆ. ಪರಿಚಯವಾಗಿ ಎರಡು ಮೂರು ದಿನದಲ್ಲೇ ಅವಳು ವಿಂಟರ್‌ಬೋರ್ನ್ ಜೊತೆ ಸ್ಟೀಮರ್ ಹತ್ತಿ ಶಿಯೋನ್ ಕೋಟೆ ನೋಡಲು ಹೋಗುತ್ತಾಳೆ. ಅಮ್ಮ ಬರುವುದಿಲ್ಲ, ಬೇರೆ ಯಾರೂ ಬರುವುದಿಲ್ಲ.

ಚಳಿಗಾಲಕ್ಕೆ ಎಲ್ಲರೂ ರೋಮ್‌ನಲ್ಲಿ. ಅಲ್ಲಿ ಡೇಸಿಗೆ ಜಿಯೊವನೆಲ್ಲಿ ಎಂಬ ಇಟಲಿಯ ಗೆಳೆಯ ಸಿಕ್ಕಿದ್ದಾನೆ. ಅವನ ಜೊತೆ ಹಗಲೂ ರಾತ್ರಿ ಓಡಾಡುತ್ತಾಳೆ. ಅಲ್ಲಿ ನೆಲೆಸಿದ ಅಮೆರಿಕನ್ನರು ಒಬ್ಬೊಬ್ಬರಾಗಿ ಅವಳಿಗೆ ಬಾಗಿಲು ಹಾಕುತ್ತಾರೆ. ಒಂದು ಬೆಳದಿಂಗಳ ರಾತ್ರಿ ರೋಮಿನ ಪ್ರಾಚೀನ ಬಯಲು ರಂಗಮಂದಿರ ಕೊಲೋಸಿಯಂ ಒಳಗೆ ಅವಳು ಜಿಯೊವನೆಲ್ಲಿ ಜೊತೆ ಕೂತಿರುವುದನ್ನು ವಿಂಟರ್‌ಬೋರ್ನ್ ನೋಡುತ್ತಾನೆ. ಅದಾಗಿ ಕೆಲವೇ ದಿನದಲ್ಲಿ ಅವಳು ಜ್ವರ ಬಂದು ಮಲಗುತ್ತಾಳೆ, ಮತ್ತೆ ಏಳುವುದಿಲ್ಲ.

ಇದನ್ನು ಅಮೆರಿಕ ಮತ್ತು ಯುರೋಪಿನ ರೀತಿ ರಿವಾಜುಗಳ ತಿಕ್ಕಾಟ ಅಂತಾರೆ. ಸರಿ, ಡೇಸಿಯನ್ನು ದೂರುವ ಯುರೋಪಿನವರು ಯಾರು?

ಪರೀಕ್ಷೆಗೆ ಓದುವವರಿಗೆ ನಾನು ಮೊದಲು ಹಾಕುವ ಪ್ರಶ್ನೆಯೂ ಇದೇ. ಪಾತ್ರಗಳ ಪಟ್ಟಿ ಮಾಡಿ ನೋಡಿ. ಡೇಸಿಯ ಪರಿಚಯವೇ ಬೇಡ ಎನ್ನುವ ಮಿಸೆಸ್ ಕಾಸ್ಟೆಲೋ ನ್ಯೂಯಾರ್ಕಿನವರು. ತುಂಬಿದ ಮನೆಯಲ್ಲಿ ಅವಳಿಗೆ ಬೆನ್ನು ತಿರುಗಿಸುವ ಮಿಸೆಸ್ ವಾಕರ್ ಅಮೆರಿಕದವರು. ಅವಳನ್ನು ಅಳೆದು ತೂಗಿ ಕೊನೆಗೆ ಕೈಬಿಡುವ ವಿಂಟರ್‌ಬೋರ್ನ್ ಅಮೆರಿಕದವನು. ಮಾತಾಡುವ ಯುರೋಪಿನ ಪಾತ್ರ ಅಂತ ನೆನಪಿನಲ್ಲಿ ಉಳಿಯುವುದು ಇಬ್ಬರೇ, ಯುಜೆನಿಯೊ ಮತ್ತು ಜಿಯೊವನೆಲ್ಲಿ. ಒಬ್ಬ ಸಂಬಳಕ್ಕಿರುವವನು, ಇನ್ನೊಬ್ಬ ಗೆಳೆಯ. ಇಬ್ಬರಿಗೂ ತೀರ್ಪು ಕೊಡುವ ಅಧಿಕಾರ ಇಲ್ಲ.

ಅಂದರೆ ಜಗಳ ನಡೆಯುವುದು ಅಮೆರಿಕದವರ ನಡುವೆಯೇ. ಊರು ಬಿಟ್ಟು ಬಂದು ಯುರೋಪಿನ ಕಟ್ಟುಪಾಡುಗಳನ್ನು ಮೈಗೂಡಿಸಿಕೊಂಡವರು ಒಂದು ಕಡೆ. ಊರಿನ ಅಭ್ಯಾಸವನ್ನೇ ಸೂಟ್‌ಕೇಸಿನಲ್ಲಿ ತಂದವಳು ಇನ್ನೊಂದು ಕಡೆ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ ರೋಮಿನ ಜನ ಸುಮ್ಮನಿದ್ದರೂ ಇವರು ಸುಮ್ಮನಿರುವುದಿಲ್ಲ.

ಕಥೆಯ ಒಳಗೇ ಇದಕ್ಕೆ ಸಾಕ್ಷಿ ಇದೆ. ಡೇಸಿಯನ್ನು ಕರೆಯುವುದು ನಿಲ್ಲಿಸಿದಾಗ ಈ ಅಮೆರಿಕನ್ನರ ಉದ್ದೇಶ ಏನು ಅಂತ ಜೇಮ್ಸ್ ನೇರವಾಗಿಯೇ ಹೇಳುತ್ತಾನೆ. ‘ಇವಳು ನಮ್ಮ ದೇಶದವಳು ನಿಜ, ಆದರೆ ನಮ್ಮ ಹುಡುಗಿಯರು ಹೀಗಲ್ಲ, ನಮಗೂ ಇದು ವಿಚಿತ್ರ’ ಎಂದು ಯುರೋಪಿನವರಿಗೆ ತೋರಿಸಿಕೊಡಬೇಕಿತ್ತು. ಡೇಸಿಯ ಶೀಲಕ್ಕಿಂತ ಅವರಿಗೆ ತಮ್ಮ ಮರ್ಯಾದೆಯ ಚಿಂತೆ. ಇದನ್ನು ಹಿಡಿದುಕೊಂಡು ಓದಿದರೆ ಪುಸ್ತಕವೇ ಬೇರೆಯಾಗಿ ಕಾಣುತ್ತದೆ.

ಹಾಗಾದರೆ ಅವಳು ಮಾಡಿದ ತಪ್ಪಾದರೂ ಏನು?

ಇವತ್ತಿನ ಕಣ್ಣಿಗೆ ಏನೂ ಇಲ್ಲ. ಆಗಿನ ಯುರೋಪಿನ ಮೇಲ್ವರ್ಗದಲ್ಲಿ ಮದುವೆಯಾಗದ ಹುಡುಗಿ ಹಿರಿಯ ಹೆಂಗಸು ಜೊತೆಗಿಲ್ಲದೆ ಗಂಡಸಿನ ಜೊತೆ ಹೊರಗೆ ಹೋಗುವಂತಿರಲಿಲ್ಲ. ಮದುವೆಯಾದವಳಿಗೆ ಸ್ವಲ್ಪ ಸಡಿಲ. ಅಮೆರಿಕದ ಊರುಗಳಲ್ಲಿ ಇದು ಉಲ್ಟಾ, ಮದುವೆಗೆ ಮುಂಚೆಯೇ ಹುಡುಗಿಗೆ ಸ್ವಾತಂತ್ರ್ಯ ಜಾಸ್ತಿ. ಹಿಂದಿನ ಚಳಿಗಾಲ ನ್ಯೂಯಾರ್ಕಿನಲ್ಲಿ ತನಗಾಗಿ 17 ಔತಣಕೂಟ ನಡೆದವು, ಅದರಲ್ಲಿ ಮೂರನ್ನು ಗಂಡಸರೇ ಏರ್ಪಡಿಸಿದ್ದರು ಅಂತ ಡೇಸಿ ಮೊದಲ ಭೇಟಿಯಲ್ಲೇ ಖುಷಿಯಾಗಿ ಹೇಳಿಬಿಡುತ್ತಾಳೆ. ಅದನ್ನು ಮುಚ್ಚಿಡಬೇಕು ಅಂತ ಅವಳಿಗೆ ಅನಿಸುವುದೇ ಇಲ್ಲ.

ಆದರೆ ಇದನ್ನು ಪೂರ್ತಿ ಹಳ್ಳಿ-ಪಟ್ಟಣದ ವ್ಯತ್ಯಾಸ ಅಂತಲೂ ತಳ್ಳಿಹಾಕುವಂತಿಲ್ಲ. ಮಿಸೆಸ್ ಕಾಸ್ಟೆಲೋ ಅವರ ಮೊಮ್ಮಕ್ಕಳೇ ನ್ಯೂಯಾರ್ಕಿನಲ್ಲಿ ಚೆಲ್ಲಾಟಕ್ಕೆ ಹೆಸರಾದವರು ಎಂಬುದು ವಿಂಟರ್‌ಬೋರ್ನ್‌ಗೆ ನೆನಪಾಗುತ್ತದೆ. ಅವರು ಮಾಡಿದರೆ ಚಂದ, ಇವಳು ಮಾಡಿದರೆ ಅಸಹ್ಯ. ಇದರ ಹಿಂದೆ ಹಣದ ಲೆಕ್ಕ ಇದೆ. ಹಳೆ ದುಡ್ಡಿನವರಿಗೆ ಹೊಸ ದುಡ್ಡಿನವರನ್ನು ಕಂಡರೆ ಆಗುವುದಿಲ್ಲ.

ಯುಜೆನಿಯೊ ಯಾರು? ನೆಂಟನಾ, ನೌಕರನಾ?

ನೌಕರ. ಆ ಕಾಲದಲ್ಲಿ ಶ್ರೀಮಂತ ಪ್ರವಾಸಿಗರು ಒಬ್ಬ ಕೊರಿಯರ್ ಇಟ್ಟುಕೊಳ್ಳುತ್ತಿದ್ದರು. ಹೋಟೆಲ್ ರೂಮು, ರೈಲು, ಸಾಮಾನು, ಭಾಷೆ ಎಲ್ಲ ಅವನ ಜವಾಬ್ದಾರಿ. ಇವತ್ತು ಪಾರ್ಸೆಲ್ ತರುವ ಕೊರಿಯರ್ ಅಲ್ಲ. ಮಿಲ್ಲರ್ ಮನೆಯವರು ಅವನನ್ನು ಮನೆಯವನ ಹಾಗೆ ಕಾಣುತ್ತಾರೆ, ಅವನ ಮಾತಿಗೆ ಬೆಲೆ ಕೊಡುತ್ತಾರೆ. ಮಿಸೆಸ್ ಕಾಸ್ಟೆಲೋಗೆ ಅದೇ ದೊಡ್ಡ ದೂರು. ಮಜಾ ಅಂದರೆ, ಡೇಸಿ ಅಪರಿಚಿತನ ಜೊತೆ ಕೋಟೆ ನೋಡಲು ಹೊರಟಾಗ ಮುಖ ಗಂಟಿಕ್ಕುವವನೂ ಇವನೇ. ಯಜಮಾನರಿಗಿಂತ ಆಳಿಗೆ ನಿಯಮ ಚೆನ್ನಾಗಿ ಗೊತ್ತು.

ಇಡೀ ಪುಸ್ತಕದಲ್ಲಿ ಒಂದೇ ದೃಶ್ಯ ಗಮನ ಇಟ್ಟು ಓದಬೇಕು ಅಂದರೆ ಯಾವುದು?

ಕೊಲೋಸಿಯಂ ಅಂತ ಬಹಳ ಜನ ಹೇಳುತ್ತಾರೆ. ನಾನು ಪಿಂಚೊ ತೋಟದ ದೃಶ್ಯ ಅಂತೀನಿ.

ಪಿಂಚೊ ರೋಮಿನ ಗುಡ್ಡದ ಮೇಲಿನ ತೋಟ. ಸಂಜೆ ಹೊತ್ತು ಊರಿನ ದೊಡ್ಡವರೆಲ್ಲ ಕುದುರೆ ಗಾಡಿಯಲ್ಲಿ ಅಲ್ಲಿ ಸುತ್ತುವುದು ವಾಡಿಕೆ. ನೋಡುವುದು, ನೋಡಿಸಿಕೊಳ್ಳುವುದು. ಡೇಸಿ ಅಲ್ಲಿ ಒಂದು ಕಡೆ ವಿಂಟರ್‌ಬೋರ್ನ್, ಇನ್ನೊಂದು ಕಡೆ ಜಿಯೊವನೆಲ್ಲಿ, ನಡುವೆ ತಾನು ಅಂತ ನಡೆದು ಹೋಗುತ್ತಿದ್ದಾಳೆ. ಜಿಯೊವನೆಲ್ಲಿಯ ಕೋಟಿಗೆ ಹೂವು ಸಿಕ್ಕಿಸಿದೆ. ಆಗ ಗಾಡಿಯೊಂದು ಬಂದು ನಿಲ್ಲುತ್ತದೆ. ಒಳಗೆ ಮಿಸೆಸ್ ವಾಕರ್, ಮುಖ ಕೆಂಪಾಗಿದೆ. ಸ್ವಲ್ಪ ಮುಂಚೆ ತಮ್ಮ ಮನೆಗೆ ಬಂದು ಹೋದ ಹುಡುಗಿಯನ್ನು ಹುಡುಕಿಕೊಂಡು ಬಂದಿದ್ದಾರೆ. ಬಂದು ಗಾಡಿ ಹತ್ತು ಅಂತ ಕರೆಯುತ್ತಾರೆ. ಮೊದಲು ನಯವಾಗಿ, ಆಮೇಲೆ ಒತ್ತಾಯವಾಗಿ, ಕೊನೆಗೆ ಬಾಯಿಬಿಟ್ಟು: ಜನ ನಿನ್ನ ಬಗ್ಗೆ ಮಾತಾಡಿಕೊಳ್ಳುವ ವಯಸ್ಸಾಗಿದೆ ನಿನಗೆ.

ಡೇಸಿಗೆ ಮೊದಲು ಅರ್ಥವಾಗುವುದಿಲ್ಲ. ಆಮೇಲೆ ಅರ್ಥವಾಗುತ್ತದೆ, ಮುಖ ಕೆಂಪಾಗುತ್ತದೆ. ಆಗ ಅವಳು ವಿಂಟರ್‌ಬೋರ್ನ್ ಕಡೆ ತಿರುಗಿ ಕೇಳುತ್ತಾಳೆ, ನನ್ನ ಹೆಸರು ಉಳಿಸಿಕೊಳ್ಳಲು ನಾನು ಈ ಗಾಡಿ ಹತ್ತಬೇಕು ಅಂತ ನಿಮಗೂ ಅನಿಸುತ್ತಾ? ಇಡೀ ಕಥೆ ನಿಂತಿರುವುದು ಆ ಕ್ಷಣದ ಮೇಲೆ. ಅವನು ತಡವರಿಸುತ್ತಾನೆ. ಆಮೇಲೆ ಹತ್ತುವುದೇ ಸರಿ ಅನ್ನುತ್ತಾನೆ. ಅವಳು ಜೋರಾಗಿ ನಗುತ್ತಾಳೆ. ಇದು ತಪ್ಪಾದರೆ ನಾನು ಪೂರ್ತಿ ತಪ್ಪೇ, ನನ್ನ ಆಸೆ ಬಿಟ್ಟುಬಿಡಿ ಅಂತ ಹೇಳಿ ಹೊರಟುಹೋಗುತ್ತಾಳೆ.

ಮುಂದಿನದು ಇನ್ನೂ ಕಹಿ. ಮಿಸೆಸ್ ವಾಕರ್ ಈಗ ವಿಂಟರ್‌ಬೋರ್ನ್‌ಗೆ ಹತ್ತು ಅನ್ನುತ್ತಾರೆ, ಹತ್ತದಿದ್ದರೆ ಇನ್ನು ಮುಂದೆ ಮಾತಿಲ್ಲ. ಅವನು ಹತ್ತುತ್ತಾನೆ. ಡೇಸಿಗೆ ನಿರಾಕರಿಸುವುದು ಸಾಧ್ಯವಾಯಿತು, ಗಂಡಸಾದ ಅವನಿಗೆ ಆಗಲಿಲ್ಲ. ಸ್ವಲ್ಪ ದೂರ ಹೋಗಿ ಇಳಿಯುತ್ತಾನೆ ನಿಜ. ಆದರೆ ಅಷ್ಟರಲ್ಲಿ ಡೇಸಿ ಮತ್ತು ಜಿಯೊವನೆಲ್ಲಿ ತೋಟದ ಗಿಡ್ಡ ಗೋಡೆಯ ಹತ್ತಿರ ಒಂದೇ ಕೊಡೆಯ ಮರೆಯಲ್ಲಿ ನಿಂತಿರುವುದು ಕಾಣುತ್ತದೆ. ಒಂದು ಗಳಿಗೆ ನಿಂತು ನೋಡಿ, ಅವರ ಕಡೆ ಹೋಗದೆ ಅತ್ತೆಯ ಮನೆ ಕಡೆ ನಡೆಯುತ್ತಾನೆ.

ಡೇಸಿ ನಿಜವಾಗಿ ಮುಗ್ಧೆಯಾ? ಅಥವಾ ಗೊತ್ತಿದ್ದೂ ಆಟ ಆಡುತ್ತಾಳಾ?

ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದು ಯಾಕೆ ಕಷ್ಟ ಅಂತ ನನಗೆ ಅರ್ಥವಾಗಿಲ್ಲ. ಅವಳಿಗೆ ಹುಡುಗರ ಜೊತೆ ಚೆಲ್ಲಾಟ ಇಷ್ಟ, ಅದನ್ನು ಅವಳೇ ಹೇಳಿಕೊಳ್ಳುತ್ತಾಳೆ. ಜನ ತನ್ನನ್ನು ಹೇಗೆ ನೋಡುತ್ತಿದ್ದಾರೆ ಎಂಬುದೂ ಪಿಂಚೊ ನಂತರ ಗೊತ್ತು. ಆದರೂ ಅವಳು ಕೆಟ್ಟದ್ದೇನೂ ಮಾಡಿಲ್ಲ.

ಈ ಪ್ರಶ್ನೆಗೆ ಜೇಮ್ಸ್ ಸ್ವತಃ ಉತ್ತರ ಕೊಟ್ಟಿದ್ದಾನೆ. ಇಂಗ್ಲಿಷ್ ಲೇಖಕಿ ಎಲೈಜಾ ಲಿನ್ ಲಿಂಟನ್ ಕಾಗದ ಬರೆದು ಕೇಳಿದಾಗ ಅವನು ಡೇಸಿಯ ಪರ ನಿಂತ. ಅವಳು ಯಾರಿಗೂ ಸವಾಲು ಹಾಕಲು ಹೊರಟವಳಲ್ಲ, ತನ್ನ ತಲೆಯ ಮೇಲೆ ನಡೆಯುತ್ತಿದ್ದ ಗದ್ದಲಕ್ಕೆ ಬಲಿಯಾದ ಸರಳ ಹುಡುಗಿ ಎಂಬುದು ಅವನ ಮಾತಿನ ಸಾರ. ಆದರೆ ಲೇಖಕ ಹೇಳಿದ ಅಂದಮಾತ್ರಕ್ಕೆ ಚರ್ಚೆ ಮುಗಿಯಿತು ಅಂತಲ್ಲ. ಪಿಂಚೊದಲ್ಲಿ ಅವಳು ಆಡುವ ಮಾತಿನಲ್ಲಿ ನನಗಂತೂ ಸವಾಲು ಕೇಳಿಸುತ್ತದೆ. ಬರೆದವನಿಗಿಂತ ಪಾತ್ರವೇ ಒಂದು ಕೈ ಗಟ್ಟಿ.

ವಿಂಟರ್‌ಬೋರ್ನ್‌ಗೆ ಅವಳ ಮೇಲೆ ಪ್ರೀತಿ ಇತ್ತಾ?

ಇತ್ತು ಅಂತಲೇ ನನ್ನ ಲೆಕ್ಕ. ಆದರೆ ಅವನಿಗೆ ಪ್ರೀತಿಗಿಂತ ವರ್ಗೀಕರಣ ಮುಖ್ಯ. ಇವಳು ಒಳ್ಳೆಯವಳೋ, ಕೆಟ್ಟವಳೋ, ಯಾವ ಡಬ್ಬಿಗೆ ಹಾಕಲಿ ಎಂಬ ಯೋಚನೆಯಲ್ಲೇ ಅರ್ಧ ವರ್ಷ ಕಳೆಯುತ್ತಾನೆ. ಅವಳನ್ನೇ ಕೂರಿಸಿಕೊಂಡು ಕೇಳಿದ್ದರೆ ಐದು ನಿಮಿಷದ ಕೆಲಸ.

ಕೊಲೋಸಿಯಂ ರಾತ್ರಿ ಅವನ ಮನಸ್ಸಿನಲ್ಲಿ ಏನಾಯಿತು ಎಂಬುದನ್ನು ನಿಧಾನವಾಗಿ ಓದಿ. ಕತ್ತಲಲ್ಲಿ ಡೇಸಿಯ ದನಿ ಕೇಳಿದ ಕೂಡಲೇ ಅವನಿಗೆ ಗಾಬರಿಯಾಗುತ್ತದೆ. ಅದರ ಜೊತೆಗೇ ಸಮಾಧಾನವೂ ಆಗುತ್ತದೆ! ಒಗಟು ಬಿಡಿಸಿತಲ್ಲ, ಇನ್ನು ಇವಳಿಗೆ ಗೌರವ ಕೊಡಲು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಅಂತ. ಅವಳು ಹೊರಡುವಾಗ, ನನಗೆ ಮದುವೆ ನಿಶ್ಚಯವಾಗಿದೆ ಅಂತ ನೀವು ಮೊನ್ನೆ ನಂಬಿದ್ರಾ ಅಂತ ಕೇಳುತ್ತಾಳೆ. ಆಗಿದ್ದರೂ ಆಗದಿದ್ದರೂ ಈಗ ಒಂದೇ ಅಂತ ಅವನು ನಗುತ್ತಾ ಹೇಳುತ್ತಾನೆ. ಜ್ವರ ಬಂದರೂ ಬರದಿದ್ದರೂ ನನಗೆ ಅಷ್ಟೇ ಅಂತ ಅವಳು ಗಾಡಿ ಹತ್ತುತ್ತಾಳೆ.

ಇನ್ನೊಂದು ಸಂಗತಿ ಎಷ್ಟೋ ಜನ ಗಮನಿಸುವುದಿಲ್ಲ. ವಿಂಟರ್‌ಬೋರ್ನ್ ಜಿನೀವಾದಲ್ಲಿ ಯಾಕಿದ್ದಾನೆ ಅಂದರೆ ಸ್ನೇಹಿತರು ‘ಓದುತ್ತಿದ್ದಾನೆ’ ಅನ್ನುತ್ತಾರೆ. ಬೇರೆಯವರು, ಅಲ್ಲಿ ಅವನಿಗಿಂತ ವಯಸ್ಸಾದ ವಿದೇಶಿ ಹೆಂಗಸೊಬ್ಬಳಿದ್ದಾಳೆ ಅನ್ನುತ್ತಾರೆ. ಕಥೆಯ ಮೊದಲ ಪುಟಗಳಲ್ಲೂ ಇದು ಬರುತ್ತದೆ, ಕೊನೆಯ ವಾಕ್ಯದಲ್ಲೂ ಬರುತ್ತದೆ. ಈ ಸುದ್ದಿಗೆ ಅವನ ಮುಖದ ಮೇಲೆ ಯಾರೂ ಬಾಗಿಲು ಹಾಕಿಲ್ಲ. ಮಿಸೆಸ್ ವಾಕರ್ ಅವನಿಗೆ ಬೆನ್ನು ತಿರುಗಿಸಿಲ್ಲ. ಹಗಲು ಹೊತ್ತಿನಲ್ಲಿ ನಾಲ್ಕು ಜನರ ಎದುರು ನಡೆದಾಡಿದ ಡೇಸಿಗೆ ಮಾತ್ರ ಶಿಕ್ಷೆ.

ಜಿಯೊವನೆಲ್ಲಿ ಖಳನಾಯಕ ಅಲ್ವಾ?

ಅಲ್ಲ. ಹಣದ ಮೇಲೆ ಕಣ್ಣಿದ್ದಿರಬಹುದು. ಕೊಲೋಸಿಯಂಗೆ ಕರೆದುಕೊಂಡು ಹೋದ ಬೇಜವಾಬ್ದಾರಿಯೂ ಅವನದೇ. ಯಾಕೆ ಹೋದಿರಿ ಅಂತ ಕೇಳಿದರೆ, ನನಗೆ ನನ್ನ ಭಯ ಇರಲಿಲ್ಲ, ಅವಳಿಗೆ ಹೋಗಬೇಕಿತ್ತು ಅನ್ನುತ್ತಾನೆ. ಆದರೆ ಸಮಾಧಿಯ ಪಕ್ಕ ನಿಂತು ಅವಳು ನಾನು ಕಂಡವರಲ್ಲೆಲ್ಲ ಮುಗ್ಧೆ ಅಂತ ಹೇಳುವವನು ಅವನೊಬ್ಬನೇ. ಬದುಕಿದ್ದರೂ ಅವಳು ನನ್ನನ್ನು ಮದುವೆಯಾಗುತ್ತಿರಲಿಲ್ಲ ಅಂತಲೂ ಅವನೇ ಹೇಳುತ್ತಾನೆ. ವಿಂಟರ್‌ಬೋರ್ನ್‌ಗೆ ತಿಂಗಳುಗಟ್ಟಲೆ ಹೊಳೆಯದ ಉತ್ತರ ಈ ಬಡ ಶೋಕಿಲಾಲನಿಗೆ ಮೊದಲೇ ಗೊತ್ತಿತ್ತು.

‘ರೋಮಿನ ಜ್ವರ’ ಅಂದರೆ ಏನು? ಬೆಳದಿಂಗಳಲ್ಲಿ ಕೂತರೆ ಸಾಯುತ್ತಾರಾ?

ಮಲೇರಿಯಾ. ಆಗ ಅದಕ್ಕೆ ಕಾರಣ ಯಾರಿಗೂ ಗೊತ್ತಿರಲಿಲ್ಲ. ಜೌಗು ನೆಲದಿಂದ, ಹಳೆ ಅವಶೇಷಗಳಿಂದ ರಾತ್ರಿ ಏಳುವ ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ನಂಬಿದ್ದರು. ಅದಕ್ಕೇ ವಿಂಟರ್‌ಬೋರ್ನ್ ಅಲ್ಲಿ ಅವಳನ್ನು ಕಂಡು ಮೊದಲು ಜ್ವರದ ಮಾತೆತ್ತುವುದು. ಡೇಸಿ, ಯುಜೆನಿಯೊ ಹತ್ತಿರ ಒಳ್ಳೆ ಮಾತ್ರೆಗಳಿವೆ ಬಿಡಿ ಅನ್ನುತ್ತಾಳೆ.

ಕಥೆ ಬಂದ ಎರಡು ವರ್ಷಕ್ಕೆ, 1880ರಲ್ಲಿ, ಫ್ರೆಂಚ್ ವೈದ್ಯ ಲಾವೆರಾನ್ ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಮಲೇರಿಯಾದ ಪರಾವಲಂಬಿ ಜೀವಿಯನ್ನು ಕಂಡ. ಸೊಳ್ಳೆಯ ಪಾತ್ರ ಗೊತ್ತಾಗಿದ್ದು ನಮ್ಮ ಕಡೆ. ರೋನಾಲ್ಡ್ ರಾಸ್ 1897ರ ಆಗಸ್ಟ್‌ನಲ್ಲಿ ಸಿಕಂದರಾಬಾದ್‌ನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಅದೇ ಜೀವಿಯನ್ನು ನೋಡಿದ. ಅದಕ್ಕೂ ಮುಂಚೆ ಅವನು ಬೆಂಗಳೂರಿನಲ್ಲೂ ಸೇನೆಯ ವೈದ್ಯನಾಗಿದ್ದ. ಮರುವರ್ಷ ಇಟಲಿಯಲ್ಲೇ ಗ್ರಾಸ್ಸಿ ಮತ್ತವನ ಸಂಗಡಿಗರು ಮನುಷ್ಯರಿಗೆ ಇದು ಅನಾಫಿಲಿಸ್ ಕಚ್ಚುವುದರಿಂದ ಬರುತ್ತದೆ ಅಂತ ತೋರಿಸಿದರು.

ಒಂದು ತರಲೆ ಮಾತು. ಸೊಳ್ಳೆ ಕಚ್ಚಿದ ಮೇಲೆ ಮಲೇರಿಯಾ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದು ವಾರವಾದರೂ ಬೇಕು. ಡೇಸಿ ಹಾಸಿಗೆ ಹಿಡಿಯುವುದು ಅದಕ್ಕಿಂತ ಬೇಗ. ಆ ಲೆಕ್ಕದಲ್ಲಿ ಕೊಲೋಸಿಯಂ ರಾತ್ರಿ ನಿರಪರಾಧಿ. ಸೊಳ್ಳೆ ಅದಕ್ಕೂ ಮುಂಚೆ, ಬಹುಶಃ ಯಾರೂ ತಪ್ಪೆನ್ನದ ಯಾವುದೋ ಸಂಜೆ, ಎಲ್ಲೋ ಕಚ್ಚಿರಬೇಕು. ಜೇಮ್ಸ್‌ಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ. ಆದರೆ ‘ರಾತ್ರಿ ಸುತ್ತಿದ್ದಕ್ಕೆ ಸತ್ತಳು’ ಅಂತ ತೀರ್ಮಾನಿಸುವವರಿಗೆ ಇದನ್ನು ಹೇಳಲು ನನಗೆ ಬಹಳ ಖುಷಿ.

ಅವಳನ್ನು ಸಾಯಿಸಲೇಬೇಕಿತ್ತಾ?

ಕಟ್ಟುಪಾಡು ಮೀರಿದ ಹೆಣ್ಣನ್ನು ಕೊನೆಗೆ ಸಾಯಿಸುವುದು ಆ ಕಾಲದ ಕಾದಂಬರಿಗಳ ಹಳೇ ಚಾಳಿ. ಅದರ ನೆರಳು ಇಲ್ಲೂ ಇದೆ, ಇಲ್ಲ ಅನ್ನಲಾರೆ. ಆದರೆ ಸಾವಿನ ನಂತರ ಜೇಮ್ಸ್ ಯಾರ ಕಡೆ ಬೊಟ್ಟು ಮಾಡುತ್ತಾನೆ ನೋಡಿ. ಕಾಯಿಲೆಯಲ್ಲಿ ಅರೆಪ್ರಜ್ಞೆಯಲ್ಲಿದ್ದ ಡೇಸಿಗೆ ಮಧ್ಯೆ ಎಚ್ಚರವಾದಾಗ ಅಮ್ಮನ ಹತ್ತಿರ ಒಂದು ಸುದ್ದಿ ಹೇಳಿ ಕಳಿಸುತ್ತಾಳೆ: ಆ ಇಟಲಿಯವನ ಜೊತೆ ನನಗೆ ನಿಶ್ಚಯ ಆಗಿರಲೇ ಇಲ್ಲ ಅಂತ ವಿಂಟರ್‌ಬೋರ್ನ್‌ಗೆ ಹೇಳು, ಸ್ವಿಟ್ಜರ್‌ಲೆಂಡಿನ ಕೋಟೆಗೆ ಹೋಗಿದ್ದು ಅವರಿಗೆ ನೆನಪಿದೆಯಾ ಕೇಳು. ನಿಶ್ಚಯದ ಮಾತನ್ನು ಮರೆಯದೆ ತಿಳಿಸು ಅಂತ ಮೂರು ಸಲ ಹೇಳುತ್ತಾಳೆ. ಅವಳ ಲೆಕ್ಕದಲ್ಲಿ ಅವನ ಅಭಿಪ್ರಾಯಕ್ಕೆ ಅಷ್ಟು ಬೆಲೆ ಇತ್ತು. ಮುಂದಿನ ಬೇಸಿಗೆಯಲ್ಲಿ ಅವನು ಅತ್ತೆಯ ಹತ್ತಿರ, ನಾನು ಹೊರದೇಶದಲ್ಲಿ ಜಾಸ್ತಿ ದಿನ ಇದ್ದುಬಿಟ್ಟೆ ಅಂತ ಒಪ್ಪಿಕೊಳ್ಳುತ್ತಾನೆ. ಆಮೇಲೆ? ಮತ್ತೆ ಜಿನೀವಾಕ್ಕೆ ಹೋಗಿ ಹಳೇ ಬದುಕಿಗೇ ಕೂರುತ್ತಾನೆ.

ತಾಯಿಗೆ ಸ್ವಲ್ಪವೂ ಜವಾಬ್ದಾರಿ ಇಲ್ವಾ?

ಮಿಸೆಸ್ ಮಿಲ್ಲರ್‌ಗೆ ಅಜೀರ್ಣದ್ದೇ ಚಿಂತೆ, ಊರಿನ ಡಾಕ್ಟರ್ ಡೇವಿಸ್ ಅವರದ್ದೇ ಜಪ. ಮಗಳಿಗೆ ಎದುರಾಡುವ ಶಕ್ತಿ ಇಲ್ಲ. ಎಲ್ಲರೂ ನಗುವ ಪಾತ್ರ. ಆದರೆ ಡೇಸಿ ಮಲಗಿದಾಗ ಎದೆಗುಂದದೆ, ಸರಿಯಾಗಿ ಆರೈಕೆ ಮಾಡುವುದು ಇದೇ ಅಮ್ಮ. ವಿಂಟರ್‌ಬೋರ್ನ್‌ಗೇ ಆಶ್ಚರ್ಯವಾಗುತ್ತದೆ. ಜೇಮ್ಸ್ ಈ ಸಣ್ಣ ನ್ಯಾಯವನ್ನು ಮರೆಯದೆ ಕೊಟ್ಟಿದ್ದು ನನಗೆ ಇಷ್ಟ.

ತಮ್ಮ ರ‍್ಯಾಂಡಾಲ್ಫ್ ಸುಮ್ನೆ ತಮಾಷೆಗಾ?

ಒಂಬತ್ತು ವರ್ಷದ ಹುಡುಗ. ಬೆಟ್ಟ ಹತ್ತುವವರ ಉದ್ದ ಕೋಲು ಹಿಡಿದು ಸಿಕ್ಕಿದ್ದಕ್ಕೆಲ್ಲ ಚುಚ್ಚುತ್ತಾ ಬರುತ್ತಾನೆ. ಬಂದವನೇ ವಿಂಟರ್‌ಬೋರ್ನ್ ಹತ್ತಿರ ಸಕ್ಕರೆ ಗಟ್ಟಿ ಕೇಳುತ್ತಾನೆ. ಹಲ್ಲು ಉದುರುತ್ತಿರುವುದಕ್ಕೆ ಯುರೋಪಿನ ಹವೆಯೇ ಕಾರಣ, ಅಮೆರಿಕದಲ್ಲಿ ಉದುರುತ್ತಿರಲಿಲ್ಲ ಅಂತ ವಾದ. ನಮ್ಮಪ್ಪ ಯುರೋಪಿಗಿಂತ ಒಳ್ಳೆ ಜಾಗದಲ್ಲಿದ್ದಾನೆ ಅನ್ನುತ್ತಾನೆ. ಪಾಪ, ತೀರಿಕೊಂಡಿರಬೇಕು ಅಂತ ವಿಂಟರ್‌ಬೋರ್ನ್ ಅಂದುಕೊಳ್ಳುವಷ್ಟರಲ್ಲಿ, ಸ್ಕೆನೆಕ್ಟಡಿಯಲ್ಲಿ ದೊಡ್ಡ ಬಿಸಿನೆಸ್ ಇದೆ ಅನ್ನುತ್ತಾನೆ. ದೇಶಾಭಿಮಾನದ ಮೇಲೆ ಜೇಮ್ಸ್ ಮಾಡಿದ ಒಳ್ಳೆ ಹಾಸ್ಯ. ಮಿಕ್ಕವರೆಲ್ಲ ಸುತ್ತಿ ಬಳಸಿ ಮಾತಾಡುವ ಪುಸ್ತಕದಲ್ಲಿ ಅನಿಸಿದ್ದನ್ನು ಹಾಗೇ ಹೇಳುವವರು ಇವನು ಮತ್ತು ಇವನ ಅಕ್ಕ, ಇಬ್ಬರೇ.

ಕಥೆಯ ಜಾಗಗಳನ್ನು ಈಗಲೂ ನೋಡಬಹುದಾ?

ನೋಡಬಹುದು. ವೆವೆಯ ‘ತ್ರುವಾ ಕುರೋನ್’ ಹೋಟೆಲ್ ಇವತ್ತಿಗೂ ನಡೆಯುತ್ತಿದೆ. ಶಿಯೋನ್ ಕೋಟೆ ಅಲ್ಲಿಂದ ಹತ್ತಿರ, ಮಾಂಟ್ರೂ ಪಕ್ಕ. ಕವಿ ಬೈರನ್ ಅದರ ಕೈದಿಯ ಮೇಲೆ ಪದ್ಯ ಬರೆದ ಮೇಲೆ ಆ ಕೋಟೆಗೆ ಪ್ರವಾಸಿಗರ ಸಾಲು ಶುರುವಾಗಿದ್ದು. ರೋಮಿನಲ್ಲಿ ಪಿಂಚೊ ಸಂಜೆ ಹೊತ್ತಿಗೆ ಈಗಲೂ ಚೆನ್ನ. ಡೇಸಿಯನ್ನು ಹೂಳುವ ಪ್ರೊಟೆಸ್ಟೆಂಟ್ ಸ್ಮಶಾನ ಹಳೆ ಕೋಟೆ ಗೋಡೆಗೆ ಆತುಕೊಂಡಿದೆ, ಕವಿ ಕೀಟ್ಸ್ ಸಮಾಧಿಯೂ ಅಲ್ಲೇ.

ಪುಸ್ತಕ ಬಂದಾಗ ದೊಡ್ಡ ಗಲಾಟೆ ಆಯ್ತಂತೆ, ಹೌದಾ?

ಮೊದಲು ಜೇಮ್ಸ್ ಇದನ್ನು ಫಿಲಡೆಲ್ಫಿಯಾದ ಒಂದು ಮಾಸಪತ್ರಿಕೆಗೆ ಕಳಿಸಿದ್ದ. ಸಂಪಾದಕರು ಒಂದು ಮಾತೂ ಬರೆಯದೆ ವಾಪಸ್ ಕಳಿಸಿದರು. ಅಮೆರಿಕದ ಹೆಣ್ಣುಮಕ್ಕಳಿಗೆ ಇದು ಅವಮಾನ ಅಂತ ಅವರಿಗೆ ಅನಿಸಿರಬೇಕು ಎಂದು ಸ್ನೇಹಿತನೊಬ್ಬ ಊಹಿಸಿದ. ಇಂಗ್ಲೆಂಡಿನಲ್ಲಿ ‘ಕಾರ್ನ್‌ಹಿಲ್’ ಸಂಪಾದಕ ಲೆಸ್ಲಿ ಸ್ಟೀಫನ್ ಕೂಡಲೇ ತೆಗೆದುಕೊಂಡ. ಅವನು ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಅವರ ತಂದೆ.

ಆಮೇಲಿನದು ಹೊಟ್ಟೆ ಉರಿಸುವ ಕಥೆ. ಆಗ ಹೊರದೇಶದಲ್ಲಿ ಅಚ್ಚಾದ ಬರಹಕ್ಕೆ ಅಮೆರಿಕದಲ್ಲಿ ಹಕ್ಕು ಇರಲಿಲ್ಲ. ಆ ಕಾನೂನು ಬದಲಾಗಿದ್ದು 1891ರಲ್ಲಿ. ಹಾಗಾಗಿ ನ್ಯೂಯಾರ್ಕ್ ಮತ್ತು ಬಾಸ್ಟನ್ ಪತ್ರಿಕೆಗಳು ಲಂಡನ್ ಸಂಚಿಕೆ ಕೈಗೆ ಬಂದ ಕೂಡಲೇ ಪುಕ್ಕಟೆಯಾಗಿ ಮರುಮುದ್ರಿಸಿದವು. ಎಲ್ಲರ ಮನೆಯಲ್ಲೂ ಡೇಸಿಯ ಮಾತು, ಬರೆದವನ ಜೇಬಿಗೆ ಮಾತ್ರ ಹೆಚ್ಚೇನೂ ಬರಲಿಲ್ಲ. ಅವನ ಸ್ನೇಹಿತ ಹೋವೆಲ್ಸ್, ಸಮಾಜ ಡೇಸಿ ಪರ ಮತ್ತು ಡೇಸಿ ವಿರೋಧಿ ಅಂತ ಎರಡು ಪಕ್ಷವಾಗಿದೆ ಎಂದು ಒಂದು ಕಾಗದದಲ್ಲಿ ಬರೆದ. ಜೇಮ್ಸ್ ಬದುಕಿದ್ದಾಗ ಜನರಲ್ಲಿ ಇಷ್ಟು ಹೆಸರು ಮಾಡಿದ ಅವನ ಪುಸ್ತಕ ಇನ್ನೊಂದಿಲ್ಲ.

ಇದು ನಿಜವಾಗಿ ನಡೆದಿದ್ದಾ?

ಒಂದು ಎಳೆ ನಿಜ. 1877ರಲ್ಲಿ ರೋಮ್‌ನಲ್ಲಿದ್ದಾಗ ಪರಿಚಿತರೊಬ್ಬರು ಹಿಂದಿನ ಚಳಿಗಾಲದ ಒಂದು ಸುದ್ದಿ ಹೇಳಿದರು. ಅಮೆರಿಕದ ತಾಯಿ-ಮಗಳು, ಮಗಳಿಗೆ ಸಿಕ್ಕ ಚೆಲುವ ರೋಮನ್, ಊರವರಿಂದ ಸಣ್ಣದೊಂದು ಅವಮಾನ. ಅಷ್ಟೇ. ಮಿಕ್ಕಿದ್ದೆಲ್ಲ ಜೇಮ್ಸ್ ಕಟ್ಟಿದ್ದು. ಇದನ್ನು ಅವನೇ ನಂತರದ ಮುನ್ನುಡಿಯಲ್ಲಿ ಹೇಳಿದ್ದಾನೆ.

ಈ ಪುಸ್ತಕಕ್ಕೆ ಎರಡು ಪಾಠ, ಅಂದರೆ ಎರಡು ರೂಪ, ಇವೆಯಂತೆ. ಯಾವುದನ್ನು ಓದಲಿ?

ಮೊದಲನೆಯದನ್ನು. 1909ರಲ್ಲಿ ತನ್ನ ಆಯ್ದ ಕೃತಿಗಳ ನ್ಯೂಯಾರ್ಕ್ ಆವೃತ್ತಿಗಾಗಿ ಜೇಮ್ಸ್ ಇದನ್ನು ತುಂಬ ತಿದ್ದಿದ. ಅಷ್ಟೊತ್ತಿಗೆ ಅವನ ವಾಕ್ಯಗಳು ಉದ್ದವಾಗಿ ಸುತ್ತಿಕೊಂಡು ಹೋಗುತ್ತಿದ್ದವು. 1878-79ರ ಪಾಠ ಚುರುಕಾಗಿದೆ, ಡೇಸಿಯ ಮಾತಿನ ಓಟಕ್ಕೆ ಅದೇ ಸರಿ. ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅಂಗಡಿಯಲ್ಲಿ ಕೊಳ್ಳುವುದಾದರೆ ಯಾವ ವರ್ಷದ ಪಾಠ ಅಂತ ಒಳಪುಟದಲ್ಲಿ ನೋಡಿಕೊಳ್ಳಿ.

ನಾಟಕ, ಸಿನಿಮಾ ಏನಾದರೂ?

ಜೇಮ್ಸ್ ತಾನೇ ಇದನ್ನು ನಾಟಕ ಮಾಡಿದ. ಅದರಲ್ಲಿ ಡೇಸಿ ಬದುಕಿ ಉಳಿದು ವಿಂಟರ್‌ಬೋರ್ನ್‌ನನ್ನು ಮದುವೆಯಾಗುತ್ತಾಳೆ! ರಂಗದ ಮೇಲೆ ತರಲು ಯಾರೂ ಮುಂದೆ ಬರಲಿಲ್ಲ. 1883ರಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಬಗ್ಗೆ ಹೆಚ್ಚು ಹೇಳದಿರುವುದೇ ಅವನಿಗೆ ನಾವು ಮಾಡುವ ಉಪಕಾರ. 1974ರಲ್ಲಿ ಪೀಟರ್ ಬೊಗ್ಡಾನೊವಿಚ್ ಸಿನಿಮಾ ಮಾಡಿದ, ಡೇಸಿಯಾಗಿ ಸಿಬಿಲ್ ಶೆಫರ್ಡ್. ಕಥೆಯ ಕೊನೆಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ಪುಸ್ತಕ ಓದಿದ ಮೇಲೆ ನೋಡಿ.

ಇದು ಇಷ್ಟವಾಯಿತು. ಮುಂದೆ ಏನು ಓದಲಿ?

ಪುರುಸೊತ್ತು ಇದ್ದರೆ ಜೇಮ್ಸ್‌ನದೇ 1881ರ ‘ದ ಪೋರ್ಟ್ರೇಟ್ ಆಫ್ ಎ ಲೇಡಿ’. ಅಲ್ಲೂ ಅಮೆರಿಕದ ಹುಡುಗಿ, ಅಲ್ಲೂ ರೋಮ್, ಅಲ್ಲೂ ಅವಳನ್ನು ಕೆಡಿಸುವವರು ಯುರೋಪಿನಲ್ಲಿ ಬೀಡುಬಿಟ್ಟ ಅಮೆರಿಕದವರೇ. ಆದರೆ ಅದು ದೊಡ್ಡ ಕಾದಂಬರಿ. ಒಂದು ಗಂಟೆ ಮಾತ್ರ ಇದೆ ಅಂದರೆ ಈಡಿತ್ ವಾರ್ಟನ್ 1934ರಲ್ಲಿ ಬರೆದ ‘ರೋಮನ್ ಫೀವರ್’ ಎಂಬ ಸಣ್ಣಕಥೆ. ನಡುವಯಸ್ಸಿನ ಇಬ್ಬರು ಅಮೆರಿಕದ ಹೆಂಗಸರು ರೋಮಿನ ಒಂದು ರೆಸ್ಟೊರೆಂಟಿನ ಮಹಡಿಯಲ್ಲಿ ಕೂತು, ತಮ್ಮ ಹರೆಯದ ಒಂದು ಕೊಲೋಸಿಯಂ ರಾತ್ರಿಯ ಬಗ್ಗೆ ಮಾತಾಡುತ್ತಾರೆ. ಅದರ ಕೊನೆಯ ಸಾಲನ್ನು ಯಾರಾದರೂ ಮೊದಲೇ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳಿ.